ಬೋರ್ನಿಯೋ ಕಾಡಿನಲ್ಲಿ ನಾನು ಕಿತ್ತ ಕೋಲು

ಜಾವಳಿ

ಕಾಡು ನೋಡುವುದಕ್ಕೆ ವಿಮಾನ ಹತ್ತಿ ಹೋಗುತ್ತೇನೆ ಎಂದರೆ ನಮ್ಮ ಕಡೆ ಯಾರೂ ಗೌರವ ಕೊಡುವುದಿಲ್ಲ. ತಲೆ ನೆಟ್ಟಗಿದೆಯೇ ಎಂದು ನೋಡುತ್ತಾರೆ. ಜಾವಳಿಯ ನಮ್ಮ ಕಾಫಿ ತೋಟದ ರೈಟರು ಶೇಷಪ್ಪನವರು ಹಾಜರಿ ಪುಸ್ತಕ ಮುಚ್ಚಿಟ್ಟು, ಕನ್ನಡಕ ತೆಗೆದು, ನನ್ನನ್ನೇ ದಿಟ್ಟಿಸಿ ವಿಚಾರಣೆ ಶುರುಮಾಡಿದರು.

"ಅಲ್ಲ ಗೌಡ್ರೆ, ಕಾಡು ನೋಡೋಕೆ ಅಂತ ಸಮುದ್ರ ದಾಟ್ತೀರಾ? ಅಲ್ಲಿ ಮರ ಇರುತ್ತಾ?"

"ಇರುತ್ತೆ."

"ಇಂಬಳ?"

"ನಮ್ಮದಕ್ಕಿಂತ ದೊಡ್ಡವಂತೆ."

"ಮಳೆ?"

"ದಿನಾ ಬರುತ್ತಂತೆ."

"ಮತ್ತೆ ಹೊಸಾದು ಎಂತ ಇದೆ ಮಾರಾಯ್ರೆ ಅಲ್ಲಿ!"

ನಿಜ ಹೇಳಬೇಕೆಂದರೆ ಈ ಪ್ರಯಾಣ ನನ್ನ ಆಸೆಯೇ ಅಲ್ಲ. ನನ್ನ ಹೆಂಡತಿ ಸರೋಜಳ ತಮ್ಮ ರವಿ ಮಲೇಷ್ಯಾದ ಮೀರಿ ಎಂಬ ಊರಿನಲ್ಲಿ ಎಂಜಿನಿಯರ್. ಬೋರ್ನಿಯೋ ದ್ವೀಪದಲ್ಲಿ, ಸಾರವಾಕ್ ಎಂಬ ರಾಜ್ಯದಲ್ಲಿ ಆ ಊರಿದೆ. "ಅಕ್ಕ, ಬಾವ, ಒಂದು ಸಲ ಬನ್ನಿ" ಎಂದು ಪ್ರತಿ ವರ್ಷ ಕರೆಯುತ್ತಿದ್ದ. ಪ್ರತಿ ವರ್ಷವೂ ನಾನು ಕಾಫಿ ಕುಯ್ಲಿನ ನೆಪ, ಕುಯ್ಲು ಮುಗಿದರೆ ಗಿಡ ಹೂ ಬಿಡಲು ಬೇಕಾದ ಹೂವಿನ ಮಳೆಯ ನೆಪ, ಮೆಣಸಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಎರಡು ಸಾವಿರನೇ ಇಸವಿ ದಾಟಿ ಮೂರ್ನಾಲ್ಕು ವರ್ಷವಾದ ಮೇಲೆ ಒಂದು ಬೇಸಿಗೆಯಲ್ಲಿ ಹೂವಿನ ಮಳೆಯೂ ಹೊತ್ತಿಗೆ ಸರಿಯಾಗಿ ಬಂತು, ಅದರ ಬೆನ್ನಿಗೆ ಬೇಕಾದ ಎರಡನೇ ಮಳೆಯೂ ಬಂತು. ನನ್ನ ನೆಪಗಳೆಲ್ಲ ನೀರಿನಲ್ಲಿ ಹೋಮವಾದವು. ಸರೋಜ ಪೆಟ್ಟಿಗೆ ಇಳಿಸಿ ಧೂಳು ಒರೆಸಿದಳು.

ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ ಮೊದಲ ಅನಾಹುತವಾಯಿತು. ಅಲ್ಲಿ ಕಟ್ಟಡದ ಒಳಗೇ ಒಂದು ತುಂಡು ಕಾಡು ಬೆಳೆಸಿದ್ದಾರೆ. ಮರದ ಹಲಗೆಯ ಕಾಲುದಾರಿ, ಸುತ್ತ ಗಾಜು. ಮುಂದಿನ ವಿಮಾನಕ್ಕೆ ಇನ್ನೂ ಹೊತ್ತಿತ್ತು, ಸುಮ್ಮನೆ ಒಂದು ಸುತ್ತು ಹಾಕುತ್ತಿದ್ದೆ. ನನ್ನ ಕೈಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಕಾಫಿ ಗಿಡದ ಕಾಂಡದಲ್ಲಿ ಬೇಡದ ಚಿಗುರು ನೆಟ್ಟಗೆ ಮೇಲೇಳುತ್ತವೆ. ಅವನ್ನು ಆಗಾಗ ಮುರಿಯದಿದ್ದರೆ ಗಿಡದ ಸತ್ವವನ್ನೆಲ್ಲ ಅವೇ ತಿಂದುಹಾಕುತ್ತವೆ. ಹಾಗಾಗಿ ತೋಟದವನಾದವನು ಬರಿಗೈಯಲ್ಲಿ ನಡೆಯುವುದೇ ಇಲ್ಲ. ಮಾತಾಡುತ್ತಲೇ ಚಿಗುರು ಮುರಿಯುತ್ತಾನೆ, ಜಗಳವಾಡುತ್ತಲೇ ಚಿಗುರು ಮುರಿಯುತ್ತಾನೆ. ನನ್ನ ಕೈ ಹೀಗೆ ಮೂವತ್ತು ವರ್ಷ ಪಳಗಿದ್ದು. ಆ ಗಾಜಿನ ಕಾಡಿನಲ್ಲಿ ಯಾವುದೋ ಗಿಡದ ಬುಡದಲ್ಲಿ ಎದ್ದಿದ್ದ ಎರಡು ಚಿಗುರನ್ನು ಅದು ಚಟ್ಟನೆ ಮುರಿದುಹಾಕಿತು. ಕಾವಲಿನವನು ಓಡಿಬಂದು ಬಹಳ ವಿನಯದಿಂದ "ಸರ್" ಎಂದ. ಅಷ್ಟು ವಿನಯದಿಂದ ನನ್ನನ್ನು ಯಾರೂ ಬೈದಿರಲಿಲ್ಲ.

"ನಿಮ್ಮ ಕೈಗೊಂದು ಹಗ್ಗ ಕಟ್ಟಿ ಕರ್ಕೊಂಡು ಬರ್ಬೇಕಿತ್ತು" ಎಂದಳು ಸರೋಜ.

ಮೀರಿ

ರವಿ ನಮಗಾಗಿ ಐದು ದಿನದ ಕಾಡಿನ ನಡಿಗೆ ಗೊತ್ತುಮಾಡಿದ್ದ. ಅವನಿಗೆ ರಜೆ ಇರಲಿಲ್ಲ, ನಾವಿಬ್ಬರೇ ಹೋಗಬೇಕು. ಜೊತೆಗೆ ಡೇವಿಡ್ ಎಂಬ ಮಾರ್ಗದರ್ಶಿ. ಪೆನಾನ್ ಎಂಬ ಕಾಡಿನ ಜನಾಂಗದವನು, ಮೂವತ್ತೈದರ ಆಸುಪಾಸು, ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತಿದ್ದ. ಅವನ ಅಜ್ಜನ ಕಾಲದಲ್ಲಿ ಪೆನಾನರು ಮನೆಯನ್ನೇ ಕಟ್ಟದೆ ಕಾಡಿನಲ್ಲಿ ಬಿಡಾರ ಬದಲಿಸುತ್ತ ಬದುಕಿದವರು. ಈಗ ಬಹಳ ಮಂದಿ ಹೊಳೆ ದಡದಲ್ಲಿ ಊರು ಮಾಡಿಕೊಂಡಿದ್ದಾರೆ.

ಡೇವಿಡ್ ಮೊದಲು ನೋಡಿದ್ದು ನನ್ನ ಕಾಲನ್ನು. ಈ ಪ್ರಯಾಣಕ್ಕೆಂದೇ ಚಿಕ್ಕಮಗಳೂರಿನಲ್ಲಿ ಕೊಂಡ ದಪ್ಪ ಚರ್ಮದ ಬೂಟು ಹಾಕಿಕೊಂಡು ಮೆರೆಯುತ್ತಿದ್ದೆ. ಅವನು ನನ್ನನ್ನು ನೇರ ಅಂಗಡಿಗೆ ಕರೆದುಕೊಂಡು ಹೋಗಿ, ರಬ್ಬರ್ ತೋಟದ ಕೆಲಸಗಾರರು ಹಾಕುವ ಕರಿ ರಬ್ಬರ್ ಶೂ ಕೊಡಿಸಿದ. ಅಡಿಯಲ್ಲಿ ಗುಬುಟು ಗುಬುಟು. ನೀರು ಹೊಕ್ಕರೆ ಹೊಕ್ಕಂತೆಯೇ ಹೊರಗೆ ಹೋಗುತ್ತದೆ. ಆಮೇಲೆ ರಕ್ತ ಹೀರುವ ಇಂಬಳದ ಬಗ್ಗೆ ಪಾಠ ಶುರುಮಾಡಿದ. ಮೂಡಿಗೆರೆ ತಾಲ್ಲೂಕಿನವನಿಗೆ ಇಂಬಳದ ಪಾಠ! ಅಜ್ಜಿಗೆ ಕೆಮ್ಮು ಕಲಿಸುವ ಕೆಲಸ. ನಾನು ಜೇಬಿನಿಂದ ಹೊಗೆಸೊಪ್ಪು, ಸುಣ್ಣ ಸೇರಿಸಿ ಕಟ್ಟಿದ್ದ ಬಟ್ಟೆಯ ಗಂಟು ತೆಗೆದು ತೋರಿಸಿ, ಇದನ್ನು ಕಾಲಿಗೆ ತಿಕ್ಕಿದರೆ ಒಂದೂ ಹತ್ತುವುದಿಲ್ಲ ಎಂದು ಜಂಭ ಕೊಚ್ಚಿದೆ. ಡೇವಿಡ್ ಮೂಸಿ ನೋಡಿ ತಲೆದೂಗಿದ.

ಆ ಜಂಭ ಎಷ್ಟು ಹೊತ್ತು ಬಾಳಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಇಂಬಳಗಳು ಮರ್ಯಾದಸ್ತ ಇಂಬಳಗಳು, ನೆಲದಿಂದ ಕಾಲಿಗೆ ಹತ್ತುತ್ತವೆ. ಅಲ್ಲಿಯ ಒಂದು ಜಾತಿ, ಮೈಮೇಲೆ ಹುಲಿಯಂತೆ ಪಟ್ಟೆ ಇರುವಂಥದ್ದು, ಸೊಂಟದೆತ್ತರದ ಎಲೆಯ ಮೇಲೆ ಕೂತು ಕಾಯುತ್ತದೆ. ನನ್ನ ಕಾಲು ಐದು ದಿನವೂ ಸುರಕ್ಷಿತವಾಗಿತ್ತು. ಹೊಟ್ಟೆ, ಬೆನ್ನು, ಒಂದು ಕಿವಿಯ ಹಿಂಭಾಗ, ಇವುಗಳ ಸ್ಥಿತಿಯನ್ನು ಬರೆಯದಿರುವುದೇ ಒಳ್ಳೆಯದು.

ಉಡಿಂಗ್ ಅವರ ಊರು

ಅರ್ಧ ದಿನ ಜೀಪು. ಕೆಂಪು ಮಣ್ಣಿನ ರಸ್ತೆ, ಎದುರಿನಿಂದ ಮರದ ದಿಮ್ಮಿ ಹೇರಿದ ಲಾರಿಗಳು ಒಂದರ ಹಿಂದೆ ಒಂದು. ಒಂದೊಂದು ದಿಮ್ಮಿಯ ಸುತ್ತಳತೆಯೂ ನಾವಿಬ್ಬರು ಕೈ ಹಿಡಿದು ನಿಂತರೂ ತಬ್ಬಿಕೊಳ್ಳಲಾಗದಷ್ಟು. ಛೀ, ಹೀಗೂ ಕಡಿಯುತ್ತಾರೆಯೇ ಎಂದು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮಜ್ಜ ಕಡಿಸಿದ ಕಾಡಿನಲ್ಲೇ ನಾನು ಕಾಫಿ ಬೆಳೆಯುತ್ತಿರುವುದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಆಮೇಲೆ ಉದ್ದನೆಯ ದೋಣಿ. ಹೊಳೆಯ ಬಣ್ಣ ಹಾಲು ಹೆಚ್ಚಾದ ಕಾಫಿಯದು. ನೀರು ಕಡಿಮೆಯಿದ್ದ ಕಡೆ ಇಳಿದು ದೋಣಿಯನ್ನು ನಾವೇ ದೂಡಬೇಕಾಯಿತು. ಸರೋಜ ಸೀರೆಯನ್ನು ಮೀರಿಯಲ್ಲೇ ಬಿಟ್ಟು ರವಿಯ ಹಳೆಯ ಪ್ಯಾಂಟು ಹಾಕಿಕೊಂಡಿದ್ದಳು. ಅವಳು ದೋಣಿ ದೂಡುವುದನ್ನು ನೋಡಿ ಇವಳು ನನ್ನ ಹೆಂಡತಿಯೇ ಎಂದು ನನಗೇ ಅನುಮಾನ ಬಂತು.

ಸಂಜೆಗೆ ತಗಡಿನ ಮಾಡಿನ ಹದಿನೈದು ಇಪ್ಪತ್ತು ಮನೆಗಳ ಊರು ಸಿಕ್ಕಿತು. ಅಲ್ಲಿ ಡೇವಿಡ್‌ನ ಸೋದರಮಾವ ಉಡಿಂಗ್, ಅವರ ಹೆಂಡತಿ ಬುಲಾನ್ ನಮ್ಮನ್ನು ಬರಮಾಡಿಕೊಂಡರು. ಮುಂದಿನ ದಿನಗಳಲ್ಲಿ ನಮ್ಮ ಜೊತೆ ಕಾಡಿಗೆ ಬರುವವರು ಇವರೇ. ಇಬ್ಬರಿಗೂ ಅರವತ್ತು ದಾಟಿರಬಹುದು. ತಮಗೆ ಎಷ್ಟು ವಯಸ್ಸು ಎಂದು ಅವರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆ ಬೇಸರವೂ ಇಲ್ಲ.

ಪೆನಾನರು ಕೈ ಕುಲುಕುವುದಿಲ್ಲ, ಮುಟ್ಟುತ್ತಾರೆ, ಅಷ್ಟೆ. ಉಡಿಂಗ್ ಅವರು ನನ್ನ ಅಂಗೈಗೆ ತಮ್ಮ ಅಂಗೈ ತಾಗಿಸಿ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡರು. ಏನೋ ಸಿಟ್ಟಿರಬೇಕು ಎಂದುಕೊಂಡೆ. ಹೊಸಬರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಕೈ ಬಿಗಿಯಾಗಿ ಹಿಡಿಯುವುದು ಒರಟುತನ ಎಂದು ಡೇವಿಡ್ ಹೇಳಿದ ಮೇಲೆ ಸಮಾಧಾನವಾಯಿತು. ಆದರೆ ಅಷ್ಟರಲ್ಲಿ ನಾನು ಮುದುಕರ ಕೈಯನ್ನು ಕಾಫಿ ವ್ಯಾಪಾರಿಯ ಕೈ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿಯಾಗಿತ್ತು.

ಊಟಕ್ಕೆ ಸಾಗು. ನಮ್ಮ ಕಡೆ ಬೈನೆ ಮರ ಇದೆಯಲ್ಲ, ಅದರ ದಾಯಾದಿಯಂಥ ಒಂದು ತಾಳೆಯ ತಿರುಳನ್ನು ಜಜ್ಜಿ, ತುಳಿದು, ತೊಳೆದು, ಹಿಟ್ಟು ಇಳಿಸುತ್ತಾರೆ. ಆ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿದರೆ ಅಂಟಿನ ಹಾಗಾಗುತ್ತದೆ. ಕವಲು ಕಡ್ಡಿಗೆ ಸುತ್ತಿಕೊಂಡು, ಸಾರಿನಲ್ಲಿ ಅದ್ದಿ ನುಂಗಬೇಕು. ನನ್ನ ಮೊದಲ ತುತ್ತು ಕಡ್ಡಿಯಿಂದ ಮೀಸೆಗೆ, ಮೀಸೆಯಿಂದ ಅಂಗಿಗೆ ನಡೆಯಿತು. ಬುಲಾನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಸರೋಜ ಒಂದೇ ಸಲಕ್ಕೆ ಕಲಿತಳು.

ಊಟವಾದ ಮೇಲೆ, ಇವರ ಭಾಷೆಯಲ್ಲಿ ಧನ್ಯವಾದಕ್ಕೆ ಏನು ಹೇಳುತ್ತಾರೆ ಎಂದು ಡೇವಿಡ್‌ನನ್ನು ಕೇಳಿದೆ.

"ಅದಕ್ಕೆ ನಮ್ಮಲ್ಲಿ ಮಾತಿಲ್ಲ" ಎಂದ. "ಇದ್ದದ್ದನ್ನು ಹಂಚಿಕೊಳ್ಳಲೇಬೇಕು. ಹಂಚದಿದ್ದರೆ ಅದಕ್ಕೊಂದು ಬೈಗುಳ ಇದೆ. ಹಂಚಿದರೆ ಹೊಗಳುವುದಕ್ಕೆ ಏನಿದೆ?"

ಎಂಥ ದೊಡ್ಡ ಮಾತು ನೋಡು ಎಂದು ನಾನು ಸರೋಜಳಿಗೆ ವಿವರಿಸಲು ಹೊರಟೆ. ಅವಳಿಗೆ ಇಂಗ್ಲಿಷ್ ಕೇಳಿದರೆ ತಿಳಿಯುತ್ತದೆ, ಮಾತಾಡಲು ಮಾತ್ರ ಬಾರದು. ಅವಳಿಗೇನೂ ಆಶ್ಚರ್ಯವಾಗಲಿಲ್ಲ. "ಮನೆಯವ್ರಿಗೆ ಯಾರು ಥ್ಯಾಂಕ್ಸ್ ಹೇಳ್ತಾರೆ? ನೀವು ಒಂದಿನನಾದ್ರೂ ಹೇಳಿದೀರಾ?" ಎಂದಳು.

ಎರಡನೆಯ ದಿನ, ಹಾದಿಯಲ್ಲಿ

ಬೆಳಗ್ಗೆ ಹೊರಡುವ ಕ್ರಮ ಹೀಗಿತ್ತು. ಉಡಿಂಗ್ ಎಲ್ಲರಿಗಿಂತ ಮೊದಲು ಹೊರಟರು. ಅವರು ತೊರೆಯ ಬಳಿ ತಮ್ಮ ಹಳೆಯ ಬಿಡಾರದ ಜಾಗಕ್ಕೆ ಹೋಗಿ ನಮಗೆ ಮಲಗಲು ಚಪ್ಪರ ಹಾಕಬೇಕು. ಅವರ ಹಿಂದೆ ಡೇವಿಡ್, ಅವನ ಹಿಂದೆ ನಾನು, ನನ್ನ ಹಿಂದೆ ಸರೋಜ. ಬುಲಾನ್ ಮಾತ್ರ ನಿಂತರು. ಅವರು ಸಾಗು ಹಿಟ್ಟು ಒಣಗಿಸಿ ಬುಟ್ಟಿಗೆ ತುಂಬಿಕೊಂಡು, ಬಿಸಿಲೇರಿದ ಮೇಲೆ ಹೊರಟು ಒಬ್ಬರೇ ಬಂದು ನಮ್ಮನ್ನು ಸೇರಿಕೊಳ್ಳುವವರು. ಒಬ್ಬರೇ ಬರುತ್ತಾರೆಯೇ ಎಂದು ನಾನು ಕೇಳಿದ್ದಕ್ಕೆ ಡೇವಿಡ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಕಾಡಿನ ಬಗ್ಗೆ ಬರೆಯಬೇಕು. ಶೇಷಪ್ಪನವರ ಮಾತು ಅರ್ಧ ಸರಿ. ಕತ್ತಲು, ತಂಪು, ಕೊಳೆತ ಎಲೆಯ ವಾಸನೆ, ಎಲ್ಲ ನಮ್ಮದೇ. ತಲೆಯ ಮೇಲೆ ಗರಗಸ ಎಳೆದ ಹಾಗೆ ರೆಕ್ಕೆಯ ಸದ್ದು ಮಾಡಿಕೊಂಡು ಮಂಗಟ್ಟೆ ಹಕ್ಕಿ ಹಾರಿದಾಗ ಡೇವಿಡ್ ಹೇಳುವ ಮುಂಚೆಯೇ ನಾನು ಹೇಳಿದೆ. ಆದರೆ ನಮ್ಮ ಕಾಡಿಗೆ ಒಂದು ಅಂಚು ಇದೆ. ಎಷ್ಟು ಒಳಗೆ ಹೋದರೂ ಒಂದು ತೋಟದ ಬೇಲಿಯೋ, ಬಸ್ಸಿನ ಹಾರನ್ನೋ ಎಲ್ಲೋ ಇದೆ ಎಂಬ ಧೈರ್ಯ ಇರುತ್ತದೆ. ಇಲ್ಲಿ ಗಂಟೆಗಟ್ಟಲೆ ನಡೆದರೂ ಆ ಧೈರ್ಯ ಸಿಗಲಿಲ್ಲ. ಹಾಗಂತ ಹೆದರಿಕೆಯೂ ಆಗಲಿಲ್ಲ. ಬಹಳ ವರ್ಷದ ಮೇಲೆ ಇನ್ನೊಬ್ಬರು ಹೇಳಿದ ಕಡೆಗೆ ನಡೆಯುವ ಸುಖ ನನ್ನದಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಒಂದು ಏಣನ್ನು, ಅಂದರೆ ಗುಡ್ಡದ ಬೆನ್ನನ್ನು, ಹತ್ತಿದೆವು. ಅಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ತೊರೆಯ ಕಡೆ ಇಳಿಜಾರು, ಎಡಕ್ಕೆ ಏಣಿನ ಮೇಲೇ ಮುಂದಕ್ಕೆ. ಡೇವಿಡ್ ಅರೆಗಳಿಗೆ ನಿಂತು ನೆಲದ ಕಡೆ ನೋಡಿ ಎಡಕ್ಕೆ ತಿರುಗಿದ. ನಾನು ಏದುಸಿರು ಬಿಡುತ್ತ ಬಂದವನು ಕವಲಿನಲ್ಲಿ ಒಂದು ಕೋಲು ನೆಟ್ಟಿರುವುದನ್ನು ನೋಡಿದೆ. ಎದೆಯೆತ್ತರದ್ದು, ಹಸಿಯದು, ಓರೆಯಾಗಿ ನಿಂತಿತ್ತು. ತುದಿಯಲ್ಲಿ ಒಂದು ಅಗಲವಾದ ಎಲೆ, ನಡುವಿನ ಸೀಳಿನಲ್ಲಿ ಒಂದೆರಡು ಸಣ್ಣ ಕಡ್ಡಿ. ಮಣ್ಣು ಜಾರುತ್ತಿತ್ತು, ನನ್ನ ಮಂಡಿ ಅಳುತ್ತಿತ್ತು. ಹೇಳಿ ಮಾಡಿಸಿದ ಹಾಗಿದೆ ಎಂದು ಕಿತ್ತುಕೊಂಡೆ.

"ಅದ್ಯಾಕೆ ಕೀಳ್ತೀರಿ?" ಎಂದಳು ಹಿಂದಿನಿಂದ ಸರೋಜ.

"ಜಾರ್ತಾ ಇದೆ ಮಾರಾಯ್ತಿ. ಊರಿಕೊಳ್ಳೋಕೆ ಬೇಕು."

"ಹಂಗಾದ್ರೆ ನಂಗೂ ಒಂದು ನೋಡಿ."

"ಮುಂದೆ ಸಿಗುತ್ತೆ, ಬಾ."

ನಡೆಯುತ್ತಲೇ ನನ್ನ ಕೈ ಕೆಲಸ ಶುರುಮಾಡಿತು. ಎಲೆ ಹರಿದು ಬಿಸಾಕಿತು, ಕಡ್ಡಿಗಳನ್ನು ಕಿತ್ತು ಬಿಸಾಕಿತು, ಒಂದು ಗಣ್ಣು ಚುಚ್ಚುತ್ತಿತ್ತು, ಅದನ್ನು ಉಗುರಿನಿಂದ ಕೆರೆದು ನುಣುಪು ಮಾಡಿತು. ನೂರು ಹೆಜ್ಜೆಯಲ್ಲಿ ಒಳ್ಳೆಯ ಊರುಗೋಲು ತಯಾರಾಯಿತು. ಅದನ್ನು ಊರಿಕೊಂಡು ನಾನು ಬಹಳ ಗತ್ತಿನಲ್ಲಿ ನಡೆದೆ.

ಬಿಡಾರ

ಉಡಿಂಗ್ ಏಣಿನ ಮೇಲೆ ಚಪ್ಪರ ಹಾಕಿ, ಒಲೆ ಹೊತ್ತಿಸಿ ಕೂತಿದ್ದರು. ನಾವು ತಲುಪಿದ ಸ್ವಲ್ಪ ಹೊತ್ತಿಗೇ ಮಳೆ ಇಳಿಯಿತು. ನಮ್ಮ ಆಷಾಢದ ಮಳೆಯ ಹಾಗೆ ದಿನಗಟ್ಟಲೆ ರಗಳೆ ಮಾಡುವ ಮಳೆಯಲ್ಲ, ಬಾವಿಯಿಂದ ಸೇದಿ ಸುರಿದ ಹಾಗೆ. ತಾಳೆಗರಿಯ ಕೆಳಗೆ ಒಂದು ಹನಿಯೂ ಬೀಳಲಿಲ್ಲ. ಬಿಸಿ ಚಹಾ ಕೈಯಲ್ಲಿತ್ತು. ಇದಕ್ಕಿಂತ ಸುಖ ಇನ್ನೇನು ಬೇಕು ಎಂದು ಕಾಲು ಚಾಚಿದೆ.

"ತೊರೆಯ ಹತ್ತಿರ ಅಲ್ಲವೇ ಬಿಡಾರ ಅಂದಿದ್ದು?" ಎಂದು ಸುಮ್ಮನೆ ಮಾತಿಗೆ ಕೇಳಿದೆ.

ಡೇವಿಡ್ ಮಾವನನ್ನು ಕೇಳಿ ಹೇಳಿದ. ಹಳೆಯ ಜಾಗದ ಮೇಲೆ ಒಂದು ದೊಡ್ಡ ಮರದ ಬೇರು ಅರ್ಧ ಕಿತ್ತುಬಂದಿದೆಯಂತೆ. ಇವತ್ತಿನ ಮಳೆಗೆ ಬೀಳಬಹುದು. ಅದಕ್ಕೇ ಮಾವ ಜಾಗ ಬದಲಿಸಿ, ವಾಪಸು ಕವಲಿಗೆ ಹೋಗಿ, ಹಿಂದೆ ಬರುವವರಿಗೆ ತಿಳಿಯಲಿ ಎಂದು ಗುರುತು ಇಟ್ಟು ಬಂದಿದ್ದಾರೆ.

"ಗುರುತು ಅಂದರೆ?"

ಡೇವಿಡ್‌ಗೆ ಉತ್ಸಾಹ ಬಂತು. ಇದು ಎಲ್ಲ ಪ್ರವಾಸಿಗರಿಗೂ ಅವನು ಹೇಳುವ ವಿಷಯವಿರಬೇಕು. "ನಾವು ಕಾಗದ ಬರೆಯುವುದಿಲ್ಲ, ಕೋಲು ನೆಡುತ್ತೇವೆ. ಕೋಲು ಯಾವ ಕಡೆ ಓರೆಯೋ ಆ ಕಡೆ ದಾರಿ. ಅಗಲ ಎಲೆ ಇಟ್ಟರೆ ಬೇಗ ಬನ್ನಿ ಎಂದು. ಎಲೆ ಮಡಚಿದ್ದರೆ ಹಸಿದಿದ್ದೇವೆ ಎಂದು. ಒಂದೇ ಅಳತೆಯ ಎರಡು ಕಡ್ಡಿ ಸಿಕ್ಕಿಸಿದರೆ ನಾವೆಲ್ಲ ಒಂದೇ ಎಂದು. ಕವಲಿನಲ್ಲಿ ಒಂದಿತ್ತಲ್ಲ, ನೀವು ನೋಡಿರಬೇಕು."

ನಾನು ನೋಡಿದ್ದೆ. ಅದು ನನ್ನ ತೊಡೆಯ ಪಕ್ಕದಲ್ಲೇ ಬಿದ್ದಿತ್ತು, ನುಣುಪಾಗಿ, ಒಂದು ಅಕ್ಷರವೂ ಉಳಿಯದ ಹಾಗೆ.

ಬುಲಾನ್ ಊರಿನಿಂದ ಹೊರಟು ಬಹಳ ಹೊತ್ತಾಗಿತ್ತು. ಕವಲಿಗೆ ಬರುತ್ತಾರೆ. ಗುರುತು ಇಲ್ಲ. ಗುರುತು ಇಲ್ಲವೆಂದರೆ ಮೊದಲು ಮಾತಾಡಿದ ಜಾಗಕ್ಕೇ ಎಂದು ಬಲಕ್ಕೆ ಇಳಿಯುತ್ತಾರೆ. ಈ ಮಳೆಯಲ್ಲಿ, ಬೆನ್ನಿನ ಮೇಲೆ ಹಿಟ್ಟಿನ ಬುಟ್ಟಿ ಹೊತ್ತ ಮುದುಕಿ, ಆ ಬೀಳುವ ಮರದ ಕೆಳಗೆ.

ಇಲ್ಲಿ ಒಂದು ನಾಚಿಕೆಯ ಸಂಗತಿ ಇದೆ, ಬರೆಯದೆ ವಿಧಿಯಿಲ್ಲ. ಒಲೆ ನನ್ನ ಕೈಗೆಟಕುವಷ್ಟು ದೂರದಲ್ಲಿತ್ತು. ಕೋಲನ್ನು ಅದರೊಳಗೆ ತಳ್ಳಿದರೆ ಮುಗಿಯಿತು, ಗಾಳಿಗೆ ಬಿದ್ದಿರಬೇಕು, ಹಂದಿ ಕೆಡವಿರಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಹಾದುಹೋಯಿತು. ತಲೆ ಎತ್ತಿದರೆ ಸರೋಜ ನನ್ನನ್ನೇ ನೋಡುತ್ತಿದ್ದಳು.

"ಹೇಳಿ ಬಿಡಿ ರೀ" ಎಂದಳು ಮೆಲ್ಲಗೆ. "ಹೊತ್ತಾದಷ್ಟೂ ಆ ಯಮ್ಮನಿಗೇ ಕಷ್ಟ."

ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಡೇವಿಡ್‌ನ ಮುಂದೆ ಚಾಚಿದೆ. ಇಂಗ್ಲಿಷ್ ಮರೆತುಹೋಯಿತು. "ಇದು, ಇದು" ಎಂದಷ್ಟೇ ಬಂತು. ಅವನ ಮುಖ ಬಿಳುಪೇರಿತು. ಮಾವನಿಗೆ ಹೇಳಿದ. ಉಡಿಂಗ್ ಕೋಲು ತೆಗೆದುಕೊಂಡು, ನಾನು ಗಣ್ಣು ಕೆರೆದಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ಬೈಯಲಿಲ್ಲ. ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಳೆಗೆ ಇಳಿದೇಬಿಟ್ಟರು. ನಾನೂ ಬರುತ್ತೇನೆ ಎಂದು ಎದ್ದೆ. ಡೇವಿಡ್ ನನ್ನ ಭುಜ ಹಿಡಿದು ಕೂರಿಸಿದ.

"ನೀವು ಹೋದರೆ ಅವರು ನಿಮ್ಮನ್ನೂ ಕಾಯಬೇಕಾಗುತ್ತದೆ" ಎಂದ. ಒಲೆಯ ಕೊಳ್ಳಿ ಒಳಕ್ಕೆ ತಳ್ಳಿ, "ನಾನು ಮೊದಲೇ ಹೇಳಬೇಕಿತ್ತು. ನಮ್ಮ ಮಕ್ಕಳಿಗೂ ಇದನ್ನು ಮುಟ್ಟಬೇಡಿ ಎಂದು ಯಾರೂ ಹೇಳುವುದಿಲ್ಲ. ಯಾರಾದರೂ ಕೀಳಬಹುದು ಎಂದೇ ತೋಚಲಿಲ್ಲ" ಎಂದ.

ಅವನು ಸಮಾಧಾನಕ್ಕೆ ಹೇಳಿದ ಆ ಮಾತು ನನ್ನನ್ನು ಇನ್ನಷ್ಟು ಕುಗ್ಗಿಸಿತು. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ನಮ್ಮ ತೋಟದಲ್ಲೇ ಹಣ್ಣು ಕುಯ್ಯುವಾಗ, ಇವತ್ತು ಯಾವ ಸಾಲಿಗೆ ನಿಂತಿತು ಎಂದು ತಿಳಿಯಲು ಮೇಸ್ತ್ರಿ ಒಂದು ಸೊಪ್ಪಿನ ಕೊಂಬೆ ನೆಟ್ಟು ಬರುತ್ತಾನೆ. ಅದನ್ನು ಯಾರಾದರೂ ಕಿತ್ತರೆ ಅವನು ಹಾರಾಡುವುದನ್ನು ನಾನೇ ಎಷ್ಟು ಸಲ ಕೇಳಿದ್ದೇನೆ. ದಾರಿಯಲ್ಲಿ ನೆಟ್ಟ ಸೊಪ್ಪಿನ ಕೋಲು ತಾನಾಗಿ ಬೆಳೆದದ್ದಲ್ಲ ಎಂದು ತಿಳಿಯಲು ಪೆನಾನನೇ ಆಗಬೇಕಿರಲಿಲ್ಲ.

ಹಾಗೆ ಕೂತಿದ್ದಾಗ ಕೆಳಗೆ ತೊರೆಯ ಕಡೆಯಿಂದ ಒಂದು ಸದ್ದು ಬಂತು. ಮೊದಲು ಚಟಚಟ ಎಂದು ಸೀಳುವ ಸದ್ದು. ಆಮೇಲೆ ಸುತ್ತಲಿನ ಮರಗಳನ್ನೂ ಎಳೆದುಕೊಂಡು ಬೀಳುವ ಉದ್ದನೆಯ ಸದ್ದು. ಕೂತಿದ್ದ ನೆಲ ಅದುರಿತು. ಡೇವಿಡ್ ಎದ್ದು ನಿಂತ. ಸರೋಜ ನನ್ನ ತೋಳು ಹಿಡಿದುಕೊಂಡಳು. ನಾನು ಕಳಸದ ದೇವರಿಂದ ಹಿಡಿದು ನೆನಪಿಗೆ ಬಂದ ದೇವರಿಗೆಲ್ಲ ಕೈ ಮುಗಿದೆ. ಬೋರ್ನಿಯೋದ ಕಾಡು ಯಾವ ದೇವರ ಸರಹದ್ದಿಗೆ ಸೇರುತ್ತದೋ ಗೊತ್ತಿರಲಿಲ್ಲ, ಒಬ್ಬರನ್ನೂ ಬಿಡಲಿಲ್ಲ.

ಎಷ್ಟು ಹೊತ್ತಾಯಿತೋ. ಮಳೆ ತೆಳುವಾಯಿತು. ಮರಗಳ ನಡುವೆ ಇನ್ನೂ ಬೆಳಕಿತ್ತು. ದೂರದಲ್ಲಿ ಒಂದು ಕೂಗು ಕೇಳಿತು, ಉಡಿಂಗ್ ಅವರದು. ಅದರ ಹಿಂದೆಯೇ ಇನ್ನೊಂದು, ತೆಳು ದನಿ, ಒಂದೇ ಸಮನೆ ಏನೋ ಗೊಣಗುತ್ತಿರುವುದು. ಡೇವಿಡ್ ನಗಲು ಶುರುಮಾಡಿದ.

"ಹಿಟ್ಟು ನೆನೆಯಿತು ಎಂದು ಅತ್ತೆ ಬೈಯುತ್ತಿದ್ದಾರೆ" ಎಂದ.

ನನಗೆ ಕಣ್ಣಲ್ಲಿ ನೀರು ಬಂತು. ಸರೋಜ ಅಳುತ್ತಲೇ ಓಡಿಹೋಗಿ ಬುಟ್ಟಿ ಇಳಿಸಿಕೊಂಡಳು.

ಬುಲಾನ್

ಅವರು ತೊರೆಯ ಕಡೆ ಇಳಿದೇ ಇರಲಿಲ್ಲ. ಕವಲಿಗೆ ಬಂದಾಗ ನೆಲದಲ್ಲಿ ಒಂದು ತೂತು ಕಂಡಿತಂತೆ, ಕೋಲು ನೆಟ್ಟಿದ್ದ ಹೊಸ ತೂತು, ಕೋಲಿಲ್ಲ. ಗುರುತೇ ಇಲ್ಲದಿದ್ದರೆ ಮಾತಾಡಿದ್ದ ಜಾಗಕ್ಕೇ ಹೋಗುತ್ತಿದ್ದರು. ಆದರೆ ಇಲ್ಲಿ ಗಂಡ ಏನೋ ಹೇಳಲು ಹೊರಟಿದ್ದಾನೆ, ಹೇಳಿದ್ದನ್ನು ಯಾರೋ ಒಯ್ದಿದ್ದಾರೆ. ಮಳೆ ಹಿಡಿಯುವ ಮುಂಚೆ ರಬ್ಬರ್ ಶೂ ಗುರುತು ಎಡಕ್ಕೆ ಹೋದದ್ದೂ ಕಂಡಿತ್ತು. ಆದರೆ ಆ ಶೂ ಹಾಕಿದವರಿಗೆ ದಾರಿ ಗೊತ್ತು ಎಂಬ ನಂಬಿಕೆ ಅವರಿಗೆ ಬರಲಿಲ್ಲವಂತೆ. ಡೇವಿಡ್ ಇದನ್ನು ಅನುವಾದಿಸುವಾಗ ಸ್ವಲ್ಪ ತೊದಲಿದ. ಹಾಗಾಗಿ ಅವರು ಎರಡು ದೊಡ್ಡ ಎಲೆ ಕಡಿದು ಒಂದನ್ನು ಬುಟ್ಟಿಗೆ, ಒಂದನ್ನು ತಲೆಗೆ ಮುಚ್ಚಿಕೊಂಡು ಕವಲಿನಲ್ಲೇ ಕೂತುಬಿಟ್ಟರು, ಗಂಡ ಹುಡುಕಿಕೊಂಡು ಬರುವವರೆಗೆ.

ನಾನು ಅವರ ಎದುರು ಕುಕ್ಕರುಗಾಲಿನಲ್ಲಿ ಕೂತು ತಪ್ಪಾಯಿತು ಎಂದೆ. ಡೇವಿಡ್ ಅದನ್ನು ಹೇಗೆ ಹೇಳಿದನೋ, ಬಹಳ ಹೊತ್ತು ಹೇಳಿದ. ಬುಲಾನ್ ಒದ್ದೆ ಕೂದಲು ಹಿಂಡಿಕೊಳ್ಳುತ್ತ ಕೇಳಿಸಿಕೊಂಡರು. ಆಮೇಲೆ ಬುಟ್ಟಿಯ ತಳದಿಂದ ಒಂದು ಕಾಡು ಹಣ್ಣು ತೆಗೆದು ಐದು ಪಾಲು ಮಾಡಿದರು. ನನ್ನ ಪಾಲು ಇನ್ನೊಬ್ಬರದಕ್ಕಿಂತ ಒಂದು ಎಳೆಯೂ ಕಡಿಮೆ ಇರಲಿಲ್ಲ. ಹುಳಿ ಮಿಶ್ರಿತ ಸಿಹಿ.

ಹಣ್ಣು ತಿಂದಾದ ಮೇಲೆ ಅವರು ಡೇವಿಡ್‌ನನ್ನು ಏನೋ ಕೇಳಿದರು. ಸಿಟ್ಟಿನಿಂದಲ್ಲ, ನಮ್ಮ ಊರಲ್ಲಿ ಯಾವ ಬೆಳೆ, ಯಾವ ಹಬ್ಬ ಎಂದು ಕೇಳುವ ದನಿಯಲ್ಲೇ. ಡೇವಿಡ್ ಹೇಳಲೋ ಬೇಡವೋ ಎಂದು ತಡೆದ. ಹೇಳು ಎಂದೆ.

"ನಿಮ್ಮ ಊರಲ್ಲಿ ಹಿಂದಿನಿಂದ ಬರುವವರು ಯಾರೂ ಇರುವುದಿಲ್ಲವೇ ಎಂದು ಕೇಳುತ್ತಿದ್ದಾರೆ."

ಮೂವತ್ತು ವರ್ಷದಿಂದ ತೋಟದ ದಾರಿಯಲ್ಲಿ ಮುಂದೆ ನಡೆದವನು ನಾನು. ಹಿಂದೆ ಬರುವವರು ಬರುತ್ತಾರೆ ಎಂಬುದು ಗೊತ್ತಿತ್ತು, ತಿರುಗಿ ನೋಡುವ ಕೆಲಸ ಇರಲಿಲ್ಲ. ನಾನು ಉತ್ತರ ಹುಡುಕುತ್ತಿರುವಾಗ ಸರೋಜ ಮಾತಾಡಿದಳು.

"ಇರ್ತಾರೆ ಅಂತ ಹೇಳಿ. ನಾನೇ ಬರ್ತಾ ಇದೀನಲ್ಲ, ಮದ್ವೆ ಆದಾಗಿಂದ."

ಅದನ್ನು ನಾನೇ ಇಂಗ್ಲಿಷ್‌ಗೆ ತಂದು ಡೇವಿಡ್‌ಗೆ ಹೇಳಬೇಕಾಯಿತು. ಒಂದು ಪದವನ್ನೂ ಬಿಡದೆ ಹೇಳಿದೆ. ಬುಲಾನ್ ಜೋರಾಗಿ ನಕ್ಕರು, ಈ ಸಲ ಬಾಯಿಗೆ ಕೈ ಅಡ್ಡ ಇಡಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು ಸರೋಜಳಿಗೆ ಒಲೆಯ ಹತ್ತಿರ ಜಾಗ ಮಾಡಿಕೊಟ್ಟರು. ಭಾಷೆಯೇ ಇಲ್ಲದೆ ಅವರಿಬ್ಬರೂ ಕತ್ತಲಾಗುವವರೆಗೆ ಅದೇನು ಮಾತಾಡಿದರೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೂರನೆಯ ದಿನ

ಬೆಳಗ್ಗೆ ಮಳೆಯ ಸುಳಿವಿರಲಿಲ್ಲ. ನೆನೆದ ಹಿಟ್ಟಿನಲ್ಲೇ ಬುಲಾನ್ ಏನೋ ಸುಟ್ಟು ಕೊಟ್ಟರು, ನಮ್ಮ ರೊಟ್ಟಿಗೆ ಹತ್ತಿರದ್ದು, ರುಚಿಯಾಗಿತ್ತು. ಹೊರಡುವಾಗ ಡೇವಿಡ್‌ನ ಹಿಂದೆ ನಿಲ್ಲುವ ಬದಲು ನಾನು ಸರಿದು ನಿಂತು ಸರೋಜಳಿಗೆ, "ನೀನು ಮುಂದೆ ಹೋಗು" ಎಂದೆ. ಅವಳು ನನ್ನನ್ನೊಮ್ಮೆ ನೋಡಿ ನಡೆದಳು.

ದಾರಿ ಸಪಾಟಾಗಿತ್ತು, ಜಾರುತ್ತಲೂ ಇರಲಿಲ್ಲ. ಆದರೂ ನೂರಿನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಸರೋಜ ಎಡಗಾಲನ್ನು ಪೂರ್ತಿ ಊರುತ್ತಿರಲಿಲ್ಲ. ಸ್ವಲ್ಪ ಎಳೆದು ಹಾಕುತ್ತಿದ್ದಳು. ನಿನ್ನೆ ನಡೆದು ನೋವಾಗಿರಬೇಕು ಎಂದುಕೊಂಡೆ. ಆದರೆ ಅದು ಹೊಸ ನೋವಿನ ನಡಿಗೆ ಅಲ್ಲ, ಕಾಲಿಗೆ ಅಭ್ಯಾಸವಾಗಿಹೋದ ನಡಿಗೆ.

"ಕಾಲಿಗೆ ಏನಾಗಿದೆ?" ಎಂದು ಕೇಳಿದೆ.

"ಏನಿಲ್ಲ. ಕಣದಲ್ಲಿ ಕಾಫಿ ರಾಶಿ ಮುಚ್ಚೋಕೆ ಹೋಗಿ ಬಿದ್ದಿದ್ನಲ್ಲ, ಆವತ್ತಿಂದ."

ಅದು ನಡೆದು ಆರು ವರ್ಷವಾಗಿತ್ತು.

"ಇಷ್ಟು ವರ್ಷ ಕುಂಟ್ತಾ ಇದ್ದೀಯಾ? ನಾನು ನೋಡೇ ಇಲ್ವಲ್ಲ!"

ಅವಳು ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ದನಿಯಲ್ಲಿ ದೂರು ಇರಲಿಲ್ಲ.

"ಹೆಂಗೆ ನೋಡ್ತೀರಿ ರೀ," ಎಂದಳು, "ನೀವು ಮುಂದೆ ಇರ್ತಿದ್ರಲ್ಲ."